ಗಾಳಿಯ ಪಾಲು

ಹೊಟ್ಟೆಕಿಚ್ಚು ಪಡುವುದಕ್ಕೆ ಸಾಮಾನ್ಯವಾಗಿ ಜನರಿಗೆ ಕಣ್ಣಿಗೆ ಕಾಣುವ ವಸ್ತು ಏನಾದರೂ ಬೇಕು. ಪಕ್ಕದ ಮನೆಯವರ ಕಾರು, ಗೆಳತಿಯ ಕೊರಳಿನ ಸರ, ಕೊನೇ ಪಕ್ಷ ಎದುರುಮನೆಯ ಹುಡುಗಿಯ ಕೂದಲು. ನಮ್ಮ ಕಥೆಯ ದೊಡ್ಡ ಸೊಸೆಗೆ ಅದ್ಯಾವುದೂ ಬೇಕಿರಲಿಲ್ಲ. ಕಣ್ಣಿಗೆ ಕಾಣದ ಗಾಳಿಯ ಮೇಲೇ ಅವಳು ಹೊಟ್ಟೆ ಉರಿಸಿಕೊಂಡಳು. ಅದೂ ತಣ್ಣನೆಯ ಗಾಳಿ!

ಮನೆ ಎರಡಂತಸ್ತಿನದು. ಕೆಳಗೆ ಚಿಕ್ಕ ಮಗನ ಸಂಸಾರ, ಮೇಲೆ ದೊಡ್ಡ ಮಗನದು. ಅಡುಗೆಮನೆ ಎರಡು, ಬಾಗಿಲು ಎರಡು, ಕರೆಗಂಟೆ ಎರಡು. ಆದರೆ ಏಸಿ ಒಂದೇ. ಮಾವ ಬದುಕಿದ್ದಾಗ ತಾರಸಿಯ ಮೇಲೆ ದೊಡ್ಡದೊಂದು ಯಂತ್ರ ಕೂರಿಸಿ, ಅಲ್ಲಿಂದ ತಗಡಿನ ಗಾಳಿಕೊಳವೆಗಳನ್ನು ಎರಡೂ ಮನೆಗಳ ಸೂರಿನೊಳಗೆ ಓಡಿಸಿದ್ದರು. "ಒಲೆ ಬೇರೆ ಆದರೂ ಗಾಳಿಯಾದರೂ ಒಂದಾಗಿರಲಿ" ಎಂದಿದ್ದರಂತೆ. ಒಳ್ಳೆಯ ಮಾತು. ಹೇಳಿದವರು ಹೊರಟುಹೋದರು, ಅನುಭವಿಸುವವರು ಉಳಿದುಕೊಂಡರು.

ಊರಿನ ಹವೆ ಹೇಗಿತ್ತೆಂದರೆ, ಸೆಕೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕಲ್ಲಾಗುತ್ತಿತ್ತು, ಬೆಂಕಿಕಡ್ಡಿ ಗೀರಿದರೆ ಮದ್ದು ಮೇಣದ ಹಾಗೆ ಸವರಿಕೊಂಡು ಹೋಗುತ್ತಿತ್ತು. ಬೀರುವಿನಲ್ಲಿಟ್ಟ ಚಪ್ಪಲಿಯ ಮೇಲೆ ಹಸಿರು ಬೂಷ್ಟು. ಸ್ನಾನ ಮಾಡಿ ಮೈ ಒರೆಸಿಕೊಂಡರೆ ಒರೆಸಿದ ಜಾಗದಲ್ಲೇ ಮತ್ತೆ ಬೆವರು. ಅಂಥ ಊರಲ್ಲಿ ಏಸಿ ಅನ್ನುವುದು ಶೋಕಿಯಲ್ಲ, ನೀರಿನ ಹಾಗೆ ಅದೂ ಬೇಕು. ಆ ವರ್ಷ ಮೇಲಿನ ಮನೆಗೆ ಆ ನೀರು ಹನಿಯ ಲೆಕ್ಕದಲ್ಲಿ ಬರತೊಡಗಿತು. ಜಾಲರಿಯ ಕೆಳಗೆ ನಿಂತು ಮುಖ ಎತ್ತಿದರೆ ಮುದುಕನೊಬ್ಬ ಉಸಿರು ಬಿಟ್ಟಷ್ಟು ಗಾಳಿ. ಕೆಳಗಿನ ಮನೆಯಲ್ಲೋ, ಶಾಲು ಹೊದೆಯುವಷ್ಟು ಚಳಿ.

ಶಾಲು! ಅದನ್ನು ನೆನೆದರೇ ದೊಡ್ಡ ಸೊಸೆಯ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಚಿಕ್ಕವಳು ಸಕ್ಕರೆ ಕೇಳಲು ಮೇಲೆ ಬಂದಳು, ಹೆಗಲ ಮೇಲೆ ಶಾಲು.

"ಅಕ್ಕಾ, ಒಂದು ಲೋಟ ಸಕ್ಕರೆ ಇದ್ರೆ ಕೊಡ್ತೀರಾ? ಅಯ್ಯೋ, ಇದೇನಿದು, ಇಲ್ಲಿ ಇಷ್ಟು ಧಗೆ?"

"ಧಗೆ ನಮಗೆ ಅಭ್ಯಾಸ ಆಗಿದೆ ಕಣಮ್ಮ. ನೀನು ಹುಷಾರು, ಶಾಲು ತೆಗೆದರೆ ನೆಗಡಿ ಆದೀತು" ಎಂದು ದೊಡ್ಡವಳು ಸಕ್ಕರೆ ಅಳೆದು ಕೊಟ್ಟಳು. ಲೋಟದ ಬಾಯಿ ಸವರಿ ಅಳೆದಳು, ಒಂದು ಹರಳೂ ಹೆಚ್ಚು ಹೋಗದ ಹಾಗೆ.

ಆದರೆ ಇದೆಲ್ಲ ಮೇಲುಮೇಲಿನ ಮಾತು. ನಿಜವಾದ ಕಿಚ್ಚು ಬೇರೆಯೇ ಇತ್ತು, ಅದರ ಹೆಸರು ಅತ್ತೆ.

ದೊಡ್ಡ ಸೊಸೆ ತಾಯಿಯಿಲ್ಲದ ಹುಡುಗಿ. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಜಡೆ ಹೆಣೆದವರು ಅತ್ತೆ, ಜ್ವರ ಬಂದಾಗ ಹಣೆಗೆ ತಣ್ಣೀರು ಬಟ್ಟೆ ಇಟ್ಟವರು ಅತ್ತೆ, ಗಂಡ ಗದರಿದರೆ ಗಂಡನಿಗೇ ತಿರುಗಿ ಗದರಿದವರು ಅತ್ತೆ. ಜನ ಅತ್ತೆಯ ಕಾಟ ಅಂತ ಗೋಳು ಹೇಳಿಕೊಳ್ಳುವಾಗ ಇವಳು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು, ಹೇಳಿಕೊಳ್ಳಲು ಗೋಳೇ ಇಲ್ಲ. ಮಾವ ಹೋದ ಮೇಲೆ ಅತ್ತೆಯ ಮಂಚ ಮೇಲಿನ ಮನೆಯ ಕಿಟಕಿಯ ಪಕ್ಕದ ಕೋಣೆಗೆ ಬಂತು. ಇವಳು ಅವರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಹೊತ್ತುಹೊತ್ತಿಗೆ ಕಾಫಿ, ಬಿಸಿನೀರು, ಮಡಚಿಟ್ಟ ಬಟ್ಟೆ. ಅತ್ತೆ ಚಮಚ ಎತ್ತಿಟ್ಟರೂ ಓಡಿಬಂದು ಕಿತ್ತುಕೊಳ್ಳುತ್ತಿದ್ದಳು. "ನಾನಿಲ್ವಾ ಅತ್ತೆ? ನೀವು ಕೂತ್ಕೊಳ್ಳಿ."

ಅಂಥ ಅತ್ತೆ ಸೆಕೆಗಾಲ ಶುರುವಾಗುತ್ತಿದ್ದಂತೆ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದುಬಿಟ್ಟರು.

"ಮೇಲೆ ಸೆಕೆ ಕಣೆ. ಸ್ವಲ್ಪ ದಿನ ಕೆಳಗಿದ್ದು ಬರ್ತೀನಿ" ಅಂದರು.

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕೆಳಗೆ ಚಿಕ್ಕವಳು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ದೊಡ್ಡವಳು ಇಳಿದು ಹೋದಾಗೆಲ್ಲ ಕಾಣುತ್ತಿದ್ದದ್ದು ಒಂದೇ ನೋಟ. ಅತ್ತೆ ನೆಲದ ಮೇಲೆ ಕಾಲು ಚಾಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಾರೆ. ಚಿಕ್ಕವಳು ಕುರ್ಚಿಯಲ್ಲಿ ಕೂತು ಯಂತ್ರ ತುಳಿಯುತ್ತಿದ್ದಾಳೆ. ತಾನು ಒಂದು ಲೋಟ ಎತ್ತಲು ಬಿಡದಿದ್ದ ಕೈಗಳಿಂದ ಕೂಲಿ ಕೆಲಸ!

"ನೋಡಿದ್ರಾ ನಿಮ್ಮಮ್ಮನ ಪಾಡು?" ಎಂದು ಅವಳು ಗಂಡನ ಮುಂದೆ ಕಣ್ಣೀರು ಸುರಿಸಿದಳು. ಗಂಡನದು ಕನ್ನಡಕದ ಅಂಗಡಿ. ಊರವರ ಕಣ್ಣೆಲ್ಲ ಸರಿಮಾಡುತ್ತಿದ್ದ, ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. "ಅಮ್ಮ ಖುಷಿಯಾಗೇ ಇದ್ದಾಳಲ್ಲೇ" ಅಂದ.

"ಖುಷಿ ಅಂತೆ ಖುಷಿ! ತಣ್ಣಗಿನ ಗಾಳಿ ತೋರಿಸಿ ಮುದುಕೀನ ಕೆಳಗೆ ಎಳ್ಕೊಂಡಿದ್ದಾಳೆ. ನಮ್ಮ ಕಡೆ ಬರೋ ಗಾಳೀನ ಏನೋ ಮಾಡಿ ಅವಳ ಕಡೆಗೆ ತಿರುಗಿಸಿಕೊಂಡಿದ್ದಾಳೆ, ನೋಡ್ತಿರಿ."

"ಗಾಳೀನ ಹೇಗೆ ತಿರುಗಿಸ್ತಾಳೆ ಅವಳು?"

"ಅದೇ ನಂಗೂ ಬೇಕಾಗಿರೋದು. ಆ ಗಾಳಿಕೊಳವೆ, ಡಕ್ಟ್ ಅಂತಾರಲ್ಲ, ಅದನ್ನ ಕ್ಲೀನ್ ಮಾಡೋರನ್ನ ಕರೆಸಿ. ಬಣ್ಣ ಬಯಲಾಗಲಿ."

ಅಲ್ಲಿಗೆ ಅವಳ ಲೆಕ್ಕ ಸರಳವಾಗಿತ್ತು. ಅತ್ತೆ ಹೋದದ್ದು ಗಾಳಿಗಾಗಿ. ಗಾಳಿ ವಾಪಸು ಬಂದರೆ ಅತ್ತೆಯೂ ವಾಪಸು ಬರುತ್ತಾರೆ. ಅತ್ತೆಯ ಮಂಚದ ಹೊದಿಕೆಯನ್ನು ಅಂದೇ ಒಗೆದು ಒಣಹಾಕಿದಳು.

ಡಕ್ಟ್‌ನವನು ಬಂದ. ಎಲುಬು ಚರ್ಮ ಅಷ್ಟೇ ಇದ್ದ ಆಸಾಮಿ, ಬಾಯಿ ಮಾತ್ರ ಭರ್ಜರಿ. ಜೊತೆಯಲ್ಲಿ ಆನೆಯಂಥ ಭಾಮೈದ. ಧೂಳು ಎಳೆಯುವ ಯಂತ್ರವನ್ನು ಹೊತ್ತು ಮೆಟ್ಟಿಲು ಹತ್ತುವುದು ಅವನ ಕೆಲಸ, ಹತ್ತುವಾಗ ಬೈಸಿಕೊಳ್ಳುವುದೂ ಅವನದೇ. ಡಕ್ಟ್‌ನವನು ಏಣಿ ಹಾಕಿ, ಜಾಲರಿ ಬಿಚ್ಚಿ, ಉದ್ದನೆಯ ಬ್ರಷ್ಷನ್ನು ಕೊಳವೆಯೊಳಗೆ ತೂರಿಸಿ ಗಿರಗಿರ ತಿರುಗಿಸಿದ. ದೊಡ್ಡ ಸೊಸೆ ಸೊಂಟಕ್ಕೆ ಕೈಯಿಟ್ಟುಕೊಂಡು ಏಣಿಯ ಬುಡದಲ್ಲೇ ನಿಂತಳು. ಕಳ್ಳನನ್ನು ಹಿಡಿಯಲು ಬಂದ ಪೊಲೀಸರೂ ಅಷ್ಟು ಗಮನಕೊಟ್ಟು ನಿಲ್ಲುವುದಿಲ್ಲ.

"ಏನಾದ್ರೂ ಸಿಕ್ತಾ? ಬಟ್ಟೆ ಗಿಟ್ಟೆ ತುರುಕಿದ್ದಾರಾ ಒಳಗೆ?"

"ಇಲ್ಲಿ ಏನೂ ಇಲ್ಲ ಅಮ್ಮಾವ್ರೇ. ಗಾಳಿ ಬಿಡೋ ಕೊಳವೆ ಚೆನ್ನಾಗೇ ಇದೆ, ಸ್ವಲ್ಪ ಬೂಷ್ಟು ಅಷ್ಟೇ. ಗಾಳಿ ಎಳ್ಕೊಳ್ಳೋ ಬಾಯಿ ಎಲ್ಲಿದೆ?"

ಅದು ಹಜಾರದ ಕೊನೆಯಲ್ಲಿ, ಅವಳ ಮಲಗುವ ಕೋಣೆಯ ಪಕ್ಕದಲ್ಲಿತ್ತು. ಅದರ ಕೆಳಗೆ ಒಂದು ಹಗ್ಗ. ಹಗ್ಗದ ಮೇಲೆ ಒದ್ದೆ ಟವೆಲ್ಲುಗಳು, ಅತ್ತೆಯ ಮಂಚದ ನೀಲಿ ಹೊದಿಕೆ. ಡಕ್ಟ್‌ನವನು ಹಗ್ಗ ನೋಡಿದ, ಅವಳನ್ನು ನೋಡಿದ, ಮತ್ತೆ ಹಗ್ಗ ನೋಡಿದ.

"ಯಾವಾಗ್ಲೂ ಇಲ್ಲೇ ಒಣಗಿಸ್ತೀರಾ?"

"ಮತ್ತೆಲ್ಲಿ ಒಣಗಿಸಲಿ? ಹೊರಗೆ ಹಾಕಿದ್ರೆ ವಾರ ಆದ್ರೂ ಒಣಗಲ್ಲ, ಮುಗ್ಗಲು ವಾಸನೆ ಬರುತ್ತೆ. ಇಲ್ಲಿ ಗಾಳಿ ಎಳೆಯುತ್ತಲ್ಲ, ಸಂಜೆಗೆಲ್ಲ ಗರಿಗರಿ. ನಮ್ಮತ್ತೆಗೆ ಟವೆಲ್ ಗರಿಗರಿಯಾಗೇ ಇರಬೇಕು." ಈ ಉಪಾಯ ತನ್ನ ತಲೆಗೇ ಹೊಳೆದದ್ದು ಅನ್ನುವ ಹೆಮ್ಮೆ ಅವಳ ದನಿಯಲ್ಲಿತ್ತು.

ಅವನು ಜಾಲರಿ ಬಿಚ್ಚಿದ. ಕೈ ಒಳಗೆ ಹಾಕಿ ಎಳೆದ. ಬಂತು, ಬಂತು, ಬರುತ್ತಲೇ ಇತ್ತು. ಕಂಬಳಿಯಷ್ಟು ದಪ್ಪದ ನೂಲಿನ ಜುಂಗು. ಬೂದು ಬಣ್ಣ, ನಡುನಡುವೆ ನೀಲಿ ಎಳೆ. ಒದ್ದೆಯಾಗಿ, ಕಪ್ಪು ಚುಕ್ಕೆ ಎದ್ದು, ಕೆಟ್ಟ ವಾಸನೆ ಬೇರೆ. ಭಾಮೈದ ಮೂಗು ಮುಚ್ಚಿಕೊಂಡು ಅದನ್ನು ಚೀಲಕ್ಕೆ ತುಂಬಿದ.

"ಯಾರೂ ಏನೂ ತುರುಕಿಲ್ಲ ಅಮ್ಮಾವ್ರೇ, ನಿಮ್ಮ ಬಟ್ಟೆಗಳೇ ಸ್ವಲ್ಪಸ್ವಲ್ಪ ಒಳಗೆ ಹೋಗಿ ಕೂತಿವೆ. ಇಲ್ಲಿರೋ ಬಿಸಿಗಾಳಿ ಆಚೆ ಹೋದ್ರೆ ತಾನೇ ತಣ್ಣಗಿನದು ಒಳಗೆ ಬರೋದು? ಬಸ್ಸಲ್ಲಿ ಇಳಿಯೋರು ಇಳಿದ್ರೆ ತಾನೇ ಹತ್ತೋರು ಹತ್ತೋದು?"

ಅವಳ ಗಂಡ ಕೋಣೆಯಿಂದ ಹೊರಗೆ ಬಂದು ಚೀಲದೊಳಗೆ ಇಣುಕಿ, "ಓಹೋ, ಸಿಕ್ಕಿಬಿದ್ರಲ್ಲ ಕಳ್ಳರು" ಅಂದ. ಅವಳು ನೋಡಿದ ನೋಟಕ್ಕೆ ಹಾಗೆಯೇ ಹಿಂದೆ ಸರಿದು ಬಾಗಿಲು ಹಾಕಿಕೊಂಡ.

ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಂಡು, ಹಗ್ಗ ಬಿಚ್ಚಿ, ಮಾತು ಅಲ್ಲಿಗೇ ಮುಗಿಸುತ್ತಿದ್ದರು. ಆದರೆ ಹೊಟ್ಟೆಕಿಚ್ಚು ಅಂಥಿಂಥ ಕಿಚ್ಚಲ್ಲ, ನ್ಯಾಯದ ನೀರು ಹಾಕಿದರೆ ಆರುವುದಿಲ್ಲ. ಕೊಳವೆಯೆಲ್ಲ ಸ್ವಚ್ಛವಾಗಿ, ಯಂತ್ರ ಮತ್ತೆ ಶುರುವಾಗಿ, ಮೇಲಿನ ಜಾಲರಿಗಳಿಂದ ತಣ್ಣನೆಯ ಗಾಳಿ ಸುಯ್ಯೆಂದು ಇಳಿಯಿತು. ಎಷ್ಟು ತಿಂಗಳಾಗಿತ್ತೋ! ಅವಳು ಕಣ್ಣುಮುಚ್ಚಿ ಕುತ್ತಿಗೆ ಒಡ್ಡಿದಳು. ತಕ್ಷಣ ಕಣ್ಣು ಬಿಟ್ಟಳು.

"ಕೆಳಗೂ ಇಷ್ಟೇ ಬರ್ತಿದೆಯಾ?"

"ಹ್ಞೂಂ, ಈಗ ಎರಡೂ ಕಡೆ ಸಮ. ತಕ್ಕಡೀಲಿ ತೂಗಿದ ಹಾಗೆ."

ಸಮ. ಆ ಮಾತು ಅವಳಿಗೆ ಎದೆಗೆ ಒದ್ದ ಹಾಗಾಯಿತು. ಸಮ ಇದ್ದರೆ ಅತ್ತೆ ಯಾಕೆ ಮೆಟ್ಟಿಲು ಹತ್ತಿ ಬರುತ್ತಾರೆ? ಮಂಡಿ ನೋವಿನ ಮುದುಕಿ ಕೂತ ಕಡೆಯೇ ಕೂರುತ್ತಾರೆ. ಬರಬೇಕಾದರೆ ಇಲ್ಲಿ ಹೆಚ್ಚಿರಬೇಕು, ಅಲ್ಲಿ ಕಮ್ಮಿ ಇರಬೇಕು.

"ಇದನ್ನ ಹೆಚ್ಚು ಕಮ್ಮಿ ಮಾಡೋಕೆ ಆಗುತ್ತಾ?" ಎಂದು ದನಿ ತಗ್ಗಿಸಿ ಕೇಳಿದಳು.

"ಮೆಟ್ಟಿಲ ಮೇಲಿನ ಸೂರಲ್ಲಿ ಒಂದು ಹಿಡಿ ಇದೆ. ಈ ಕಡೆ ತಿರುಗಿಸಿದ್ರೆ ಗಾಳಿ ಮೇಲಕ್ಕೆ ಹೆಚ್ಚು, ಆ ಕಡೆ ತಿರುಗಿಸಿದ್ರೆ ಕೆಳಕ್ಕೆ ಹೆಚ್ಚು. ನಡುವೆ ಇದ್ರೆ ಸಮ. ನಿಮ್ಮದು ಕಟ್ಟಿದಾಗಿಂದ ನಡುವೇನೇ ಇದೆ, ತುಕ್ಕು ನೋಡಿದ್ರೆ ಗೊತ್ತಾಗುತ್ತೆ, ಯಾರೂ ಮುಟ್ಟಿಲ್ಲ."

"ಈ ಕಡೆ ತಿರುಗಿಸಿ."

"ಕೆಳಗಿನೋರು?"

"ಕೆಳಗಿನೋರು ಚಳಿ ಚಳಿ ಅಂತ ಶಾಲು ಹೊದ್ಕೊಂಡು ಓಡಾಡ್ತಾರೆ. ಪುಣ್ಯ ಬರುತ್ತೆ ತಿರುಗಿಸಿ."

ಅವನು ಭುಜ ಕುಣಿಸಿದ. ಎಣ್ಣೆ ಬಿಟ್ಟು, ಹಿಡಿಯನ್ನು ಮೇಲಿನ ಮನೆಯ ಕಡೆಗೆ ಕೊನೆಯವರೆಗೂ ತಿರುಗಿಸಿದ. "ನಿಮ್ಮ ನಿಮ್ಮ ಮನೆ ವಿಷಯ. ನಾನು ಧೂಳು ತೆಗೆಯೋನು" ಎಂದು ಏಣಿ ಮಡಚಿಕೊಂಡು ಹೊರಟ.

ಅಂದು ಸಂಜೆಗೆಲ್ಲ ಮೇಲಿನ ಮನೆ ಹಿಮದ ಗುಹೆಯಾಯಿತು. ಗಂಡ ಅಂಗಡಿಯಿಂದ ಬಂದವನು ಒಳಗೆ ಕಾಲಿಟ್ಟು ಆಹಾ ಅಂದ, ಸ್ವಲ್ಪ ಹೊತ್ತಿಗೆ ಕಾಲುಚೀಲ ಹಾಕಿಕೊಂಡ. ದೊಡ್ಡ ಸೊಸೆ ಅತ್ತೆಯ ಮಂಚಕ್ಕೆ ಹೊದಿಕೆ ಹಾಸಿ, ದಿಂಬಿಗೆ ಹೊಸ ಗವುಸು ತೊಡಿಸಿ, ಮರುದಿನ ಬೆಳಗ್ಗೆಯೇ ಕೆಳಗೆ ಹೋಗಿ ಸುದ್ದಿ ಮುಟ್ಟಿಸಿದಳು.

"ಅತ್ತೆ, ಮೇಲೆ ಈಗ ತಂಪೋ ತಂಪು. ಮಂಚ ಸಿದ್ಧವಾಗಿದೆ."

"ಹೌದೇನೇ? ಒಳ್ಳೇದಾಯ್ತು ಬಿಡು. ಪಾಪ, ತುಂಬಾ ದಿನ ಕಷ್ಟಪಟ್ರಿ ನೀವಿಬ್ರೂ" ಎಂದು ಅತ್ತೆ ಸೂಜಿಯಿಂದ ಕಣ್ಣೆತ್ತದೆ ಹೇಳಿದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಇರಲಿ, ಕೆಳಗೆ ಇನ್ನೂ ಬಿಸಿ ಏರಿಲ್ಲ, ಏರಲಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡು ಹತ್ತಿದಳು.

ಏರಿತು. ಒಂದೆರಡು ದಿನದಲ್ಲೇ ಕೆಳಗಿನ ಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು. ಬಾಗಿಲಿಗೆ ಇಟ್ಟಿಗೆ ಒತ್ತು ಕೊಟ್ಟು ಗಾಳಿಗೆ ದಾರಿ ಮಾಡಿದರು. ಎಲ್ಲಿಂದಲೋ ಹಳೆಯ ಮೇಜುಫ್ಯಾನು ಹೊರಬಂತು. ಅದು ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸಿತು. ಮೈದುನ ಮೇಲೆ ಬಂದು, "ಅತ್ತಿಗೆ, ಆ ಡಕ್ಟ್‌ನವನು ಏನೋ ಎಡವಟ್ಟು ಮಾಡಿ ಹೋಗಿದ್ದಾನೆ, ಕೆಳಗೆ ಗಾಳೀನೇ ಇಲ್ಲ" ಅಂದ. "ಹೌದೇನಪ್ಪಾ? ಈ ಕೆಲಸದವರನ್ನ ನಂಬೋಕೇ ಆಗಲ್ಲ. ಕರೆಸೋಣ ಬಿಡು" ಎಂದು ಅವನ ಕೈಗೆ ತಣ್ಣನೆಯ ಷರಬತ್ತು ಕೊಟ್ಟಳು. ಕರೆಸಲಿಲ್ಲ. ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದು ಕೇಳಿದಾಗೆಲ್ಲ ದಿಂಬನ್ನು ತಟ್ಟಿ ಸರಿಮಾಡಲು ಓಡುತ್ತಿದ್ದಳು. ಬಂದವರು ಯಾರೋ, ಅತ್ತೆಯಂತೂ ಅಲ್ಲ.

ಅತ್ತೆಯ ಬದಲು ಬಂದದ್ದು ಅವರ ನಗು.

ಮಧ್ಯಾಹ್ನ ಊಟ ಮುಗಿಸಿ ಅವಳು ಅಡ್ಡಾಗಿದ್ದಳು. ಯಾರೋ ಪಕ್ಕದಲ್ಲೇ ಕೂತು ಕಿಸಕ್ಕೆಂದು ನಕ್ಕ ಹಾಗಾಯಿತು. ದಡಕ್ಕನೆ ಎದ್ದಳು. ಯಾರೂ ಇಲ್ಲ. ಮತ್ತೆ ನಗು, ಹಿಂದೆಯೇ ಹೊಲಿಗೆ ಯಂತ್ರದ ಟಕಟಕ. ಸದ್ದು ಬರುತ್ತಿದ್ದದ್ದು ಹಜಾರದ ಆ ಗಾಳಿ ಎಳೆಯುವ ಬಾಯಿಯಿಂದ. ಜುಂಗು ತುಂಬಿಕೊಂಡು ಇಷ್ಟು ದಿನ ಮೂಕವಾಗಿದ್ದ ಕೊಳವೆ ಈಗ ಕೆಳಗಿನ ಮನೆಯ ಮಾತನ್ನೆಲ್ಲ ಅವಳ ಕಿವಿಗೆ ತಂದು ಸುರಿಯುತ್ತಿತ್ತು. ಹಣ ಕೊಟ್ಟು ಹೊಟ್ಟೆಕಿಚ್ಚನ್ನು ಮನೆಬಾಗಿಲಿಗೆ ತರಿಸಿಕೊಂಡವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಕೇಳಬಾರದು ಅಂದುಕೊಂಡಳು. ಅಂದುಕೊಳ್ಳುತ್ತಲೇ ಸ್ಟೂಲು ಎಳೆದುಕೊಂಡು ಹತ್ತಿ, ಜಾಲರಿಗೆ ಕಿವಿಯಿಟ್ಟಳು.

"ಅತ್ತೆ, ನಿಮ್ಮ ಬೆವರು ಅಂಗಿ ಮೇಲೆ ಬೀಳ್ತಿದೆ ನೋಡಿ" ಎಂದು ಚಿಕ್ಕವಳ ದನಿ. "ಮೇಲೆ ಹೋಗಿ ಒಂದು ಗಳಿಗೆ ಮಲಗಿ ಬನ್ನಿ. ಅಕ್ಕನ ಮನೆ ಫ್ರಿಜ್ಜಿನ ಥರ ಇದೆಯಂತೆ."

"ಫ್ರಿಜ್ಜಲ್ಲಿಡೋಕೆ ನಾನೇನು ಹಾಲಾ, ಮೊಸರಾ? ನೀನು ಕೆಲಸ ನೋಡು."

"ಸೆಕೆ ಅಂತ ತಾನೇ ನೀವು ಕೆಳಗೆ ಬಂದಿದ್ದು?"

ಅತ್ತೆ ಅಂದರು, "ಏನೋ ಒಂದು ನೆಪ ಹೇಳಬೇಕಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ ಆ ಮಗೂಗೆ? ಅವಳಂಥ ಸೊಸೆ ಹುಡುಕಿದ್ರೂ ಸಿಗಲ್ಲ. ಆದ್ರೆ ಒಂದು ಲೋಟ ತೊಳೆಯೋಕೆ ಬಿಡಲ್ಲ ಕಣೆ. ಸೂಜಿ ಹಿಡಿದ್ರೆ ಕಿತ್ಕೋತಾಳೆ. ಕೂತ್ಕೊಳ್ಳಿ ಅತ್ತೆ, ಕೂತ್ಕೊಳ್ಳಿ ಅತ್ತೆ. ಎಷ್ಟು ಅಂತ ಕೂತ್ಕೊಳ್ಳಲಿ? ಗೋಡೆ ಮೇಲೆ ನಿಮ್ಮ ಮಾವನ ಫೋಟೋ, ಅದರ ಕೆಳಗೆ ನಾನು. ನಮ್ಮಿಬ್ಬರಿಗೂ ಇದ್ದ ವ್ಯತ್ಯಾಸ ಅಂದ್ರೆ ನನಗೆ ಆಗಾಗ ಕಾಫಿ ಬರ್ತಿತ್ತು, ಅಷ್ಟೇ."

ಚಿಕ್ಕವಳು ಯಂತ್ರ ನಿಲ್ಲಿಸಿ ನಕ್ಕಳು. ಅತ್ತೆಯೂ ನಕ್ಕರು. "ನಗಬೇಡ. ನಿನಗೆ ಒಂದು ಕೆಲಸಾನೂ ನೆಟ್ಟಗೆ ಬರಲ್ಲ, ಅದಕ್ಕೇ ನಾನು ಬೇಕು ನಿಂಗೆ. ಅವಳಿಗೆ ಎಲ್ಲಾ ಬರುತ್ತೆ."

ಸ್ಟೂಲಿನ ಮೇಲೆ ದೊಡ್ಡ ಸೊಸೆ ಕಂಬದ ಹಾಗೆ ನಿಂತಿದ್ದಳು. ಅವಳಿಗೆ ಎಲ್ಲಾ ಬರುತ್ತೆ! ಎಷ್ಟು ವರ್ಷ ಬೆನ್ನು ಮುರಿದು ಕಲಿತದ್ದು! ಉಪ್ಪು ಹದ, ಕಾಫಿ ಹದ, ಮಡಿಕೆ ಬೀಳದ ಹೊದಿಕೆ. ಅತ್ತೆ ಮೆಚ್ಚಲಿ ಎಂದೇ ಅಲ್ಲವೇ? ಕೊನೆಗೆ ಗೆದ್ದವಳು ಯಾರು? ಸಕ್ಕರೆ ತಂದಿಟ್ಟುಕೊಳ್ಳಲೂ ನೆನಪಿರದ ಈ ಸೋಂಬೇರಿ. ಅವಳ ಒಡವೆಯ ಮೇಲೆ ಅಲ್ಲ, ಅಂದದ ಮೇಲೆ ಅಲ್ಲ, ಅವಳಿಗೆ ಏನೂ ಬಾರದು ಅನ್ನುವುದರ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿ ಬಂತಲ್ಲ! ಅವಳು ಜಾಲರಿಗೆ ಹಣೆ ಒತ್ತಿಕೊಂಡು ಅತ್ತಳು. ಸದ್ದಾಗದ ಹಾಗೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕೊಳವೆ ಮಾತನ್ನು ಕೆಳಗೂ ಒಯ್ಯಬಹುದಲ್ಲ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಇಳಿದಳು. ಅತ್ತೆಗೆ ಕೆಲಸ ಬೇಕು ತಾನೇ? ಕೊಟ್ಟರಾಯಿತು. ಹೊಲಿಯುವುದಕ್ಕೆ ಹರಿದದ್ದು ಏನಾದರೂ ಇದೆಯೇ ಎಂದು ಬೀರು ತೆರೆದಳು. ಏನಿರುತ್ತದೆ? ಅವಳ ಮನೆಯಲ್ಲಿ ಬಟ್ಟೆ ಹರಿಯುವ ಮೊದಲೇ ತೇಪೆ ಬೀಳುತ್ತಿತ್ತು. ಗಂಡನ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು, ಒಂದೊಂದಕ್ಕೂ ಗುಂಡಿ ಕಲ್ಲಿನ ಹಾಗೆ ಗಟ್ಟಿ.

ಒಂದು ಅಂಗಿ ತೆಗೆದು, ಗುಂಡಿ ಹಿಡಿದು ಜಗ್ಗಿದಳು. ಬರಲಿಲ್ಲ, ತಾನೇ ಹಾಕಿದ ಹೊಲಿಗೆ. ಹಲ್ಲಿನಿಂದ ಕಚ್ಚಿ ಎಳೆದಳು. ಟಪ್ಪೆಂದು ಹಾರಿ ನೆಲಕ್ಕೆ ಬಿತ್ತು. ಆ ಸದ್ದು ಅವಳಿಗೆ ಯಾಕೋ ಹಿತವಾಯಿತು. ಇನ್ನೊಂದು. ಮತ್ತೊಂದು. ಗಂಡ ಮದುವೆ ಮುಂಜಿಗೆಂದು ಎತ್ತಿಟ್ಟುಕೊಂಡಿದ್ದ ಬಿಳಿ ಅಂಗಿಯನ್ನೂ ಬಿಡಲಿಲ್ಲ. ಅದರ ಗುಂಡಿಯ ಜೊತೆ ಒಂದು ಚೂರು ಬಟ್ಟೆಯೂ ಕಿತ್ತುಬಂತು. ಎಲ್ಲವನ್ನೂ ತೋಳಿನ ಮೇಲೆ ಹೇರಿಕೊಂಡು, ಗುಂಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದಳು.

ಕೆಳಗಿನ ಬಾಗಿಲು ದಾಟಿದ್ದೇ ತಡ, ಕಾವು ಮುಖಕ್ಕೆ ರಾಚಿತು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಒದ್ದೆ ಕಾವು. ಗೋಡೆಗಳು ಬೆವರುತ್ತಿದ್ದವು. ಅತ್ತೆ ನೆಲದ ಮೇಲೆ ಕೂತಿದ್ದರು. ಕೂದಲು ಹಣೆಗೆ ಅಂಟಿತ್ತು, ಕುತ್ತಿಗೆಯ ಮಡಿಕೆಗಳಲ್ಲಿ ಕೆಂಪಗೆ ಬೆವರುಸಾಲೆ ಎದ್ದಿತ್ತು, ಕನ್ನಡಕ ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು. ಅಂಥ ಬೇಗೆಯಲ್ಲೂ ಸೂಜಿ ಕೆಳಗಿಟ್ಟಿರಲಿಲ್ಲ.

ಅವಳು ಬಾಗಿಲಲ್ಲೇ ನಿಂತಳು. ಇದು ತಾನು ಮಾಡಿದ್ದು. ಹಣೆಗೆ ತಣ್ಣೀರು ಬಟ್ಟೆ ಇಟ್ಟವರ ಕುತ್ತಿಗೆಗೆ ತಾನು ಬೆವರುಸಾಲೆ ಎಬ್ಬಿಸಿದ್ದು. ಅಂಗಿಗಳನ್ನು ಬಾಗಿಲ ಬಳಿ ಇಟ್ಟು, ಚಿಕ್ಕವಳ ಅಡುಗೆಮನೆಯ ಸ್ಟೂಲು ಹೊತ್ತುಕೊಂಡು ಮೆಟ್ಟಿಲಿಗೆ ಹೋದಳು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ನಡುವಿಗೆ ತಂದಳು. ಅತ್ತೆಯ ಕುತ್ತಿಗೆ ಕಣ್ಣಮುಂದೆ ಬಂದು ಇನ್ನಷ್ಟು ಕೆಳಗಿನ ಕಡೆಗೆ ತಿರುಗಿಸಿದಳು. ಅತ್ತೆಗೆ ಮಾತ್ರ ತಂಪು ಕೊಟ್ಟು ವಾರಗಿತ್ತಿಗೆ ಕೊಡದೆ ಇರುವ ಉಪಾಯ ಯಾವುದಾದರೂ ಇದ್ದಿದ್ದರೆ ಆಗಲೂ ಅವಳು ಅದನ್ನೇ ಮಾಡುತ್ತಿದ್ದಳು. ಇರಲಿಲ್ಲ.

ಒಳಗೆ ಬಂದಾಗ ಚಿಕ್ಕವಳು ಸೂರಿನ ಜಾಲರಿಯ ಕೆಳಗೆ ನಿಂತು, "ಬಂತು ಅಕ್ಕಾ, ಗಾಳಿ ಬಂತು!" ಎಂದು ಕುಣಿಯುತ್ತಿದ್ದಳು. "ಏನು ಮಾಡಿದ್ರಿ?"

"ಮೇಲೆ ತಿರುಗಿಸಿಕೊಂಡಿದ್ದೆ. ಈಗ ಬಿಟ್ಟೆ" ಎಂದಳು ದೊಡ್ಡವಳು. ಇದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಆಗಲಿಲ್ಲ.

ಚಿಕ್ಕವಳ ಕುಣಿತ ನಿಂತಿತು. ಅತ್ತೆ ಕನ್ನಡಕದ ಮೇಲಿನಿಂದ ದೊಡ್ಡ ಸೊಸೆಯನ್ನು ದಿಟ್ಟಿಸಿ ನೋಡಿದರು, ಅವಳ ಕೆಂಪು ಕಣ್ಣನ್ನು ನೋಡಿದರು.

ಅವಳು ಅಂಗಿಗಳನ್ನು ತಂದು ಅವರ ಮುಂದೆ ಇಟ್ಟು ಕೂತಳು. "ಗುಂಡಿ ಕಿತ್ತುಹೋಗಿದೆ ಅತ್ತೆ. ನನಗೆ... ನನಗೆ ಹಾಕೋಕೆ ಬರಲ್ಲ. ಮೇಲೆ ಬಂದು ಹಾಕಿಕೊಡ್ತೀರಾ?"

ಅತ್ತೆ ಒಂದು ಅಂಗಿ ಎತ್ತಿ ನೋಡಿದರು. ಗುಂಡಿ ಇದ್ದ ಜಾಗದಲ್ಲಿ ದಾರ ಹೊಸದಾಗಿ ತುಂಡಾಗಿ ನಿಂತಿತ್ತು, ಸುತ್ತ ಹಲ್ಲಿನ ಒದ್ದೆ ಇನ್ನೂ ಆರಿರಲಿಲ್ಲ. ಇನ್ನೊಂದು ಎತ್ತಿದರು, ಅದೂ ಹಾಗೆಯೇ. ಬಿಳಿ ಅಂಗಿಯ ತೂತಿನಲ್ಲಿ ಬೆರಳು ತೂರಿಸಿ ನೋಡಿದರು.

"ಮೇಲೆ ಬರಲ್ಲ ಕಣೆ" ಎಂದರು ಮೆಲ್ಲಗೆ. "ಆ ಮೆಟ್ಟಿಲು ಇನ್ನು ನನ್ನ ಮಂಡಿಗೆ ಆಗಲ್ಲ, ಇಲ್ಲಿ ಕೈ ಹೊಂದಿಕೊಂಡುಬಿಟ್ಟಿದೆ. ನೀನೇ ದಿನಾ ಬಾ. ಈಗ ಈ ಸೂಜಿಗೆ ದಾರ ಪೋಣಿಸು, ಸಂಜೆ ಆದ್ರೆ ನನಗೆ ಕಾಣಲ್ಲ."

ಬರಲ್ಲ ಅನ್ನುವ ಮಾತು ನಾಟಿತು. ಮಂಚ, ಹೊದಿಕೆ, ಹೊಸ ಗವುಸು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ದಾರ ಸೂಜಿಯ ಕಣ್ಣಿಗೆ ಹೋಗದೆ ಆಚೀಚೆ ಸರಿಯಿತು. ಕಣ್ಣು ತುಂಬಿದವರಿಗೆ ಸೂಜಿ ಪೋಣಿಸಲು ಎಲ್ಲಿ ಬರುತ್ತದೆ? ಅತ್ತೆ ಕಾದರು. ಕಿತ್ತುಕೊಳ್ಳಲಿಲ್ಲ.

ಅಷ್ಟರಲ್ಲಿ ಚಿಕ್ಕವಳು ಕುರ್ಚಿಯಿಂದ ಬಗ್ಗಿ ಅಂಗಿಗಳ ರಾಶಿ ನೋಡಿ, ತುಟಿ ಕಚ್ಚಿಕೊಂಡು, "ಅಲ್ಲಾ ಅಕ್ಕಾ, ಭಾವನ ಅಷ್ಟೂ ಅಂಗಿ ಗುಂಡಿ ಒಂದೇ ದಿನ ಕಿತ್ತುಹೋಯ್ತಾ?" ಅಂದಳು.

"ಏಯ್, ನೀನು ಬಾಯಿ ಮುಚ್ಕೊಂಡು ಮಿಶಿನ್ ತುಳಿ" ಎಂದು ಅತ್ತೆ ಗದರಿದರು. "ನೀನು ಹಾಕಿದ ಗುಂಡಿ ಒಗೆಯೋಕೆ ಮುಂಚೆನೇ ಉದುರುತ್ತೆ. ಅವಳನ್ನ ಕೇಳೋಕೆ ಬಂದುಬಿಟ್ಲು ದೊಡ್ಡದಾಗಿ!"

ಚಿಕ್ಕವಳ ಮುಖ ಸಣ್ಣಗಾಯಿತು. ದೊಡ್ಡ ಸೊಸೆ ತಲೆ ತಗ್ಗಿಸಿ ಸೂಜಿಯನ್ನೇ ನೋಡುತ್ತಿದ್ದಳು, ಆದರೆ ಆ ಗದರಿಕೆಯ ಒಂದೊಂದು ಅಕ್ಷರವನ್ನೂ ಕಿವಿ ತುಂಬಾ ಕೇಳಿಸಿಕೊಂಡಳು. ಎಷ್ಟು ತಿಂಗಳ ಮೇಲೆ ಅತ್ತೆ ಅವಳ ಪರವಾಗಿ ಒಬ್ಬರ ಮೇಲೆ ರೇಗಿದ್ದರು! ಅದೂ ಈ ಚಿಕ್ಕವಳ ಮೇಲೆ, ಚಿಕ್ಕವಳ ಮನೆಯಲ್ಲೇ! ದಾರ ಹೇಗೋ ತೂರಿತು. ಸೂಜಿಯನ್ನು ಅತ್ತೆಯ ಕೈಗೆ ಕೊಟ್ಟು, ಅವರ ಮಂಡಿಗೆ ತನ್ನ ಮಂಡಿ ತಾಗುವಷ್ಟು ಹತ್ತಿರ ಸರಿದು ಕೂತಳು. ಬೀರುವಿನಲ್ಲಿ ಗಂಡನ ಅಂಗಿ ಇನ್ನು ಯಾವುದಾದರೂ ಉಳಿದಿದೆಯೇ ಎಂದು ಯೋಚಿಸತೊಡಗಿದಳು.